ಕುತ್ತಿಗೆಯ ಗಡ್ಡೆ ಯಾರ ಪೈಕಿ?

ಯಾರಾದರೂ ಒಂದು ಸಂಗತಿಯನ್ನು ಹೇಳಿದೊಡನೆ ನಂಬಿಬಿಡುವುದು ನನ್ನ ಸ್ವಭಾವಕ್ಕೆ ಒಗ್ಗದು. ಶಾಲೆ ನನ್ನನ್ನು ಏಳನೆಯ ತರಗತಿಯಲ್ಲೇ ಕೈಬಿಟ್ಟಿತು. ಅನಂತರದ ವಿದ್ಯೆಯೆಲ್ಲ ಹಗರಿಬೊಮ್ಮನಹಳ್ಳಿಯಲ್ಲಿ ಗ್ರಂಥಾಲಯದ ಬೆಂಚಿನ ಮೇಲೆ ನಾನೇ ಬೆನ್ನು ಬಗ್ಗಿಸಿ ಸಂಪಾದಿಸಿದ್ದು. ಹಾಗೆ ಸಂಪಾದಿಸಿದವನಿಗೆ ಪುಕ್ಕಟೆಯಾಗಿ ಸಿಗುವ ವಿವರಣೆಗಳ ಮೇಲೆ ಅನುಮಾನ ಸಹಜ. ಹೊಳಲಿನ ಅನಂತಶಯನನ ಮುಂದೆ ನಿಂತು, ಇಷ್ಟು ಕಾಲ ಹೀಗೇ ಮಲಗಿದರೆ ತೋಳು ಜೋಮು ಹಿಡಿಯುವುದಿಲ್ಲವೇ ಎಂದು ಅರ್ಚಕರನ್ನು ಕೇಳಿದವನು ನಾನು. ಅವರು ತೀರ್ಥವನ್ನು ನನ್ನ ಹಿಂದಿದ್ದವರಿಗೆ ಕೊಟ್ಟರು.

ಇಂಥ ನನ್ನ ಕುತ್ತಿಗೆಯಲ್ಲಿ ಹೋದ ವರ್ಷ ಒಂದು ಗಡ್ಡೆ ಎದ್ದಿತು. ದೊಡ್ಡ ಊರಿನ ಆಸ್ಪತ್ರೆಯವರು ಅದರ ಚೂರು ತೆಗೆದು ಪರೀಕ್ಷಿಸಿ ಲಿಂಫೋಮ, ಎಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದರು. ಕೂದಲು ಉದುರಿಸುವ ಔಷಧಿಯನ್ನು ಹರಿಸಿದರು. ಗಡ್ಡೆ ಇಳಿಯಿತು, ಆದರೆ ಕೂದಲು ಬರುವ ಮೊದಲೇ ಮರಳಿ ಬಂದಿತು. ಆಗ ಡಾಕ್ಟರಮ್ಮ, ಹರಪನಹಳ್ಳಿ ಕಡೆಯವರು, ಬೇರೊಂದು ಔಷಧಿಯ ಪ್ರಸ್ತಾಪ ಮಾಡಿದರು. ಅದು ತಾನಾಗಿ ಗಡ್ಡೆಯನ್ನು ಕೊಲ್ಲುವುದಿಲ್ಲವಂತೆ. ದೇಹದ ರಕ್ಷಣಾ ಕಣಗಳು ತಮ್ಮ ಕೆಲಸವನ್ನು ತಾವು ಮಾಡುವಂತೆ ಮಾಡುತ್ತದೆಯಂತೆ. ಕೊಲ್ಲದ ಔಷಧಿಯನ್ನು ನಾನೇಕೆ ಚುಚ್ಚಿಸಿಕೊಳ್ಳಬೇಕು? ಅರ್ಥವಾಗುವ ತನಕ ಒಪ್ಪಿಗೆಯಿಲ್ಲ ಎಂದು ಹೇಳಿ ಎದ್ದುಬಂದೆ.

ಮನೆಯಲ್ಲಿ ನನ್ನ ಹೆಂಡತಿ ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಗಡ್ಡಿಗೆ ಅರ್ಥ ಬೇಕಾಗಿಲ್ಲ, ಅದು ಬೆಳಕೋಂತ ಹೊಂಟೈತಿ. ನೀವು ಎಲ್ಲಾ ತಿಳಕೊಳ್ಳೂದ್ರಾಗ ನಾ ಒಬ್ಬಾಕಿ ಉಳೀತೀನಿ, ನೋಡ್ರಿ."

ಮರುವಾರ ಮತ್ತೆ ಹೋದೆವು. ಆಸ್ಪತ್ರೆಯ ಗೋಡೆಯ ಮೇಲಿನ ಚಿತ್ರದಲ್ಲಿ ರಕ್ಷಣಾ ಕಣಗಳು ಕತ್ತಿ ಗುರಾಣಿ ಹಿಡಿದು ಕ್ಯಾನ್ಸರಿನ ಮೇಲೆ ದಂಡೆತ್ತಿ ಹೋಗುತ್ತಿದ್ದವು. ಇಷ್ಟು ದೊಡ್ಡ ದಂಡು ನನ್ನೊಳಗಿದ್ದರೆ ಇಷ್ಟು ದಿನ ಏನು ಮಾಡುತ್ತಿತ್ತು ಎಂದು ಕೇಳಿದೆ. ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅಜ್ಜಾರೆ, ನಿಮ್ಮ ಗಡ್ಡೇಲಿ ಕೆಟ್ಟ ಕಣ ಬೆರಳೆಣಿಕೆಯಷ್ಟು. ಉಳಿದವೆಲ್ಲ ಅದನ್ನ ಹಿಡಿಯೋಕೆ ಬಂದ ಕಾವಲಿನವೇ. ಬಂದು, ಸುತ್ತ ಕುಂತುಬಿಟ್ಟಿದಾವೆ."

ಆ ಕೆಟ್ಟ ಕಣವೂ ಮೂಲದಲ್ಲಿ ಕಾವಲಿನ ವಂಶದ್ದೇ ಅಂತೆ. ಹಿಡಿಯಲು ಬಂದ ಕಣ ಹತ್ತಿರವಾದೊಡನೆ ಅದು ಮೈಮೇಲಿನ ಒಂದು ಪ್ರೋಟೀನನ್ನು ಕೈಯಂತೆ ಚಾಚುತ್ತದೆ. ಕೈ ಕುಲುಕಿದ ಕಣ ತಣ್ಣಗಾಗುತ್ತದೆ. ಕೆಲವಂತೂ ಅದರ ಬೆಳವಣಿಗೆಗೆ ಬೇಕಾದುದನ್ನು ಒದಗಿಸುತ್ತ ಅಲ್ಲೇ ಉಳಿಯುತ್ತವೆ.

ಯುದ್ಧದ ಕಥೆಯನ್ನು ನಂಬದ ನಾನು ಇದನ್ನು ತಕ್ಷಣ ನಂಬಿದೆ, ಏಕೆಂದರೆ ಇದನ್ನು ಜೀವಮಾನವಿಡೀ ನೋಡಿದ್ದೇನೆ. ನಮ್ಮ ಸೀಮೆಯಲ್ಲಿ ಅಪರಿಚಿತನಿಗೆ ನೀರು ಕೊಡುವ ಮೊದಲೇ ಕೇಳುವುದು, ಯಾವೂರು, ಯಾರ ಪೈಕಿ ಎಂದು. ಉತ್ತರ ಹೊಂದಿತೋ, ಎರಡನೆಯ ಪ್ರಶ್ನೆಯಿಲ್ಲ. ರಸ್ತೆಯ ದುಡ್ಡು ಎಲ್ಲಿ ಹೋಯಿತೆಂದು ಜಗಳ ತೆಗೆಯಲು ಮುಖಂಡರ ಮನೆಗೆ ಹೊರಟವನು ಜಗಲಿಯಲ್ಲಿ 'ನೀ ನಮ್ಮ ಪೈಕಿ ಅಲ್ಲೇನು' ಎಂಬ ಮಾತು ಕೇಳಿ, ಚಹಾ ಕುಡಿದು, ಸಂಜೆಯ ಹೊತ್ತಿಗೆ ತಾನೇ ಬಾಗಿಲಲ್ಲಿ ನಿಂತು, ಸಾಹೇಬರು ಮಲಗಿದ್ದಾರೆ ಎಂದು ಉಳಿದವರನ್ನು ಹಿಂದಕ್ಕೆ ಕಳಿಸುತ್ತಾನೆ. ನನ್ನ ಕುತ್ತಿಗೆಯಲ್ಲಿ ಉಬ್ಬಿದ್ದು ಅಂಥದೇ ಒಂದು ಜಗಲಿ. ಹೊಸ ಔಷಧಿ ಆ ಕೈಕುಲುಕಾಟವನ್ನು ತಡೆಯುತ್ತದೆ, ಅಷ್ಟೆ. ಎಚ್ಚೆತ್ತ ಕಾವಲಿನವು ಕೆಲವೊಮ್ಮೆ ನಿರಪರಾಧಿ ಅಂಗಗಳನ್ನೂ ಬಡಿಯುತ್ತವೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ನಷ್ಟವನ್ನೂ ಮರೆಮಾಡದ ಆ ಮಾತು ಕೇಳಿದ ಮೇಲೆ ಉಳಿದಿದ್ದ ಅನುಮಾನವೂ ಹೋಯಿತು. ಒಪ್ಪಿದೆ. ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆವರು ಎಂದಳು.

ಔಷಧಿಯ ದಿನ ಹೊರಗಿನ ಬೆಂಚುಗಳು ತುಂಬಿದ್ದವು. ಸಾಲಿನ ತುದಿಯಲ್ಲಿ ಕುಳಿತು, ಈ 'ಪೈಕಿ' ಎಂಬುದು ದೇಹಕ್ಕೂ ತಾಲ್ಲೂಕಿಗೂ ಹೇಗೆ ಒಂದೇ ರೋಗ ಎಂಬುದನ್ನು ಎಲ್ಲರಿಗೂ ವಿವರಿಸತೊಡಗಿದೆ. ಸಾಲಿನ ಮೊದಲಲ್ಲಿದ್ದ ಕೂಡ್ಲಿಗಿಯ ರೈತರೊಬ್ಬರು ಕಿವಿಗೊಟ್ಟು ಕೇಳಿ, "ಖರೇ ಹೇಳಿದ್ರಿ, ಯಜಮಾನ್ರೇ" ಎಂದರು. ಅಷ್ಟರಲ್ಲಿ ವಾರ್ಡಿನ ನೌಕರನೊಬ್ಬ ನನ್ನ ಮಾತು ಕೇಳಿ ನಿಂತ.

"ಹಡಗಲಿ ಕಡಿ ಮಾತು ಇದ್ದಂಗೈತಿ. ಯಾವೂರ್ರಿ?"

ಹುಟ್ಟಿದ್ದು ಮಾಗಳ ಎಂದೆ.

"ಯಾರ ಪೈಕಿ?"

ಹೇಳಿದೆ.

"ಅಯ್ಯ, ನಮ್ಮೋರ ಅದೀರಿ. ಏಳ್ರಿ, ಬರ್ರಿ ಒಳಗ."

ಎದ್ದೆ. ಕೂಡ್ಲಿಗಿಯ ರೈತರು ನನಗೆ ದಾರಿಯಾಗಲೆಂದು ಕಾಲು ಮಡಚಿಕೊಂಡರು. ನನ್ನ ಹೆಗಲಿನಿಂದ ಜಾರಿದ ಟವೆಲನ್ನು ತಾವೇ ಎತ್ತಿ ಕೈಗಿತ್ತರು. ನೀಲಮ್ಮ ನನ್ನ ಮುಖವನ್ನೊಮ್ಮೆ ನೋಡಿ, ಬೇರೆ ಕಡೆ ತಿರುಗಿದಳು.

ಒಳಗೆ ಹನಿ ಇಳಿಯತೊಡಗಿದಾಗ ನಾನು ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. ಹೆದರಬೇಡಿ, ಇದು ನಿಮ್ಮ ಮೈಯೊಳಗಿನವರನ್ನಷ್ಟೇ ಎಚ್ಚರಿಸುತ್ತದೆ ಎಂದು ದಾದಿ ಧೈರ್ಯ ಹೇಳಿದಳು. ಹೊರಗೆ ಬೆಂಚಿನ ಮೇಲೆ ಕುಳಿತವರನ್ನು ಇದು ಎಚ್ಚರಿಸದು ಎಂದು ನೆನೆದು ನನಗೂ ಸಮಾಧಾನವಾಯಿತು.