ಎಲ್ವಿನ್‌ನ ಗೊರಕೆಗೊಂದು ಕೋಣೆ

ಎಲ್ವಿನ್ ಪ್ರಾಸರ್‌ನ ಮಹಲಿನಲ್ಲಿ ಒಂದು ಕೋಣೆ ಹೆಚ್ಚಾಗಿದೆ ಎಂದು ಸರ್ಕಾರ ಕಂಡುಹಿಡಿದಿತ್ತು. (ಮಹಲು ಎಂದರೆ ಕೆಳಗೆ ಒಂದೂವರೆ ಕೋಣೆ, ಮೇಲೆ ಎರಡು, ಮೆಟ್ಟಿಲ ಕೆಳಗೆ ಇಸ್ತ್ರಿ ಹಲಗೆ ಇಡುವಷ್ಟು ಜಾಗ. ಮಾಲೀಕರು ಊರಿನ ಆಡಳಿತ ನೋಡುವ ಕೌನ್ಸಿಲ್‌ನವರು.) ಗಂಡ ಹೆಂಡತಿ ಇಬ್ಬರೇ ಇರುವಲ್ಲಿ ಮಲಗಲು ಒಂದು ಕೋಣೆ ಸಾಕು, ಎರಡನೆಯದು ಭೋಗ, ಆದ್ದರಿಂದ ಬಾಡಿಗೆ ಕಟ್ಟಲು ಕೊಡುವ ನೆರವಿನಲ್ಲಿ ಆ ಭೋಗದ ಪಾಲನ್ನು ಕತ್ತರಿಸಬೇಕು ಎಂಬುದು ನಿಯಮ. ಒಪ್ಪಿಗೆಯಿಲ್ಲದಿದ್ದರೆ ಕಣಿವೆಯ ಆಚೆ ತುದಿಯಲ್ಲಿ ಒಂಟಿ ಕೋಣೆಯ ಫ್ಲ್ಯಾಟ್ ಇದೆ, ಅಲ್ಲಿಗೆ ಹೋಗಬಹುದು.

ಭೋಗದ ಆ ಕೋಣೆಯಲ್ಲಿ ನಿಂತು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತಿತ್ತು. ಹನ್ನೊಂದು ವರ್ಷದಿಂದ ಎಲ್ವಿನ್ ಮಲಗುತ್ತಿದ್ದದ್ದು ಅಲ್ಲಿಯೇ. ಕಾರಣ ಗೊರಕೆ. ಯಾರ ಗೊರಕೆ ಎಂಬ ವಿಷಯದಲ್ಲಿ ಮಾತ್ರ ದಂಪತಿಗಳಲ್ಲಿ ಒಮ್ಮತವಿರಲಿಲ್ಲ. ಹೆಂಡತಿ ಗ್ಲೆನಿಸಳದ್ದು ಎಂದು ಎಲ್ವಿನ್ ಕ್ಲಬ್ಬಿನಲ್ಲಿ ಗೆಳೆಯರೆದುರು ಹೇಳಿಕೊಂಡು ಬಂದಿದ್ದ. ತ್ಯಾಗಮೂರ್ತಿಯ ಮುಖ ಮಾಡಿ ಹೇಳುತ್ತಿದ್ದುದರಿಂದ ಎಲ್ಲರೂ ನಂಬಿದ್ದರು.

ಬಸ್ ಡಿಪೋದಲ್ಲಿ ಬೆನ್ನು ಮುರಿದುಕೊಂಡ ಮೇಲೆ ಅವನಿಗೆ ಕೆಲಸವಿರಲಿಲ್ಲ. ಗ್ಲೆನಿಸಳಿಗೆ ಶಾಲೆಯ ಮಕ್ಕಳಿಗೆ ಊಟ ಬಡಿಸುವ ಅರ್ಧ ದಿನದ ಕೆಲಸವಿತ್ತು. ನೆರವು ಕತ್ತರಿಸಿದರೆ ಇಪ್ಪತ್ನಾಲ್ಕು ವರ್ಷದಿಂದ ಇದ್ದ ಮನೆ ಬಿಡಲೇಬೇಕು. ಉಳಿದಿದ್ದ ದಾರಿ ಒಂದೇ: ಎರಡನೆಯ ಕೋಣೆ ನಿಜಕ್ಕೂ ಬೇಕೇ ಬೇಕು ಎಂದು ತೋರಿಸಿಕೊಟ್ಟರೆ, ಕತ್ತರಿಸಿದ್ದನ್ನು ಕೌನ್ಸಿಲ್ ತುಂಬಿಕೊಡಬಹುದು. ಹೆಂಡತಿ ಶಾಲೆಗೆ ಹೋಗಿದ್ದಾಗ ಎಲ್ವಿನ್ ಅರ್ಜಿ ತುಂಬಿ ಕಳಿಸಿಯೂಬಿಟ್ಟ.

“ಅರ್ಜೀಲಿ ಏನಂತ ಬರ್ದೆ?” ಸಂಜೆ ಗ್ಲೆನಿಸ್ ಕೇಳಿದಳು.

“ನಾವಿಬ್ರೂ ಬೇರೆ ಬೇರೆ ಮಲಗ್ತೀವಿ ಅಂತ.”

ಗ್ಲೆನಿಸ್ ಕೈಯಲ್ಲಿದ್ದ ಟೀ ಪಾತ್ರೆಯನ್ನು ಕೆಳಗಿಟ್ಟಳು. “ಕೌನ್ಸಿಲ್‌ನೋರ ಹತ್ರ ಹೇಳ್ಬಿಟ್ಯಾ? ಅಯ್ಯೋ ನಿನ್ನ! ನಮ್ಮಮ್ಮ ಬದುಕಿದ್ದಿದ್ರೆ ನಾಚಿಕೇಲೇ ಸತ್ತುಹೋಗ್ತಿದ್ಲು.”

“ನಿಮ್ಮಮ್ಮ ಸತ್ತು ಇಪ್ಪತ್ತು ವರ್ಷ ಆಯ್ತು.”

“ಅದಕ್ಕೇ ಬಚಾವಾದ್ಲು! ಗಂಡ ಹೆಂಡ್ತಿ ಬೇರೆ ಮಲಗ್ತಾರೆ ಅಂದ್ರೆ ಈ ಬೀದೀಲಿ ಏನರ್ಥ ಅಂತ ಗೊತ್ತಲ್ಲ ನಿಂಗೆ?”

“ಅವರು ಗುರುವಾರ ಮನೆ ನೋಡೋಕೆ ಬರ್ತಾರೆ, ಗ್ಲೆನ್. ನೀನು ಏನೂ ಮಾಡ್ಬೇಡ. ನನ್ನ ಕೋಣೆ ಹೇಗಿದ್ಯೋ ಹಾಗೇ ಇರ್ಲಿ. ಆ ಗಲೀಜೇ ನಮ್ಮ ಸಾಕ್ಷಿ.”

ಸಾಕ್ಷಿಗೇನೂ ಕೊರತೆಯಿರಲಿಲ್ಲ. ಮಂಚದ ಮೇಲೆ ಮುದುಡಿದ ಹೊದಿಕೆ, ಕೆಳಗೆ ಜೊತೆ ತಪ್ಪಿದ ಕಾಲುಚೀಲಗಳು, ಕಿಟಕಿಯ ಬಳಿ ಬೆನ್ನಿಗೆ ಹಚ್ಚುವ ಮುಲಾಮು, ಪಾರಿವಾಳದ ಪಂದ್ಯದ ಪತ್ರಿಕೆಗಳ ರಾಶಿ. ಮನುಷ್ಯನೊಬ್ಬ ಇಲ್ಲಿ ವಾಸವಾಗಿದ್ದಾನೆ ಎಂದು ಕುರುಡನೂ ಮೂಗಿನಿಂದಲೇ ತಿಳಿಯಬಹುದಿತ್ತು.

ಗುರುವಾರ ಬೆಳಗ್ಗೆ ಗ್ಲೆನಿಸ್ ರಜೆ ಹಾಕಿದಳು. ಏಳಕ್ಕೆಲ್ಲ ಬಾಗಿಲ ಮೆಟ್ಟಿಲನ್ನು ಮಂಡಿಯೂರಿ ಉಜ್ಜಿದಳು. ಹೆಂಚಿನ ಮೇಲೆ ಒಣದ್ರಾಕ್ಷಿ ಹಾಕಿದ ಕೇಕು ಸುಡತೊಡಗಿ, “ಬೆಣ್ಣೆ ಸಾಲಲ್ಲ, ಹೋಗಿ ತಗೊಂಬಾ. ಆ ಮೂಲೆ ಅಂಗಡೀದು ಬೇಡ, ಕೆಳಗಿನ ಪೇಟೇದು” ಎಂದು ಗಂಡನನ್ನು ಓಡಿಸಿದಳು. ಬೆನ್ನು ನೋವಿನವನು ಕೆಳಗಿನ ಪೇಟೆಗೆ ಹೋಗಿ ಗುಡ್ಡ ಹತ್ತಿ ಬರುವುದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಬೆಣ್ಣೆ ಹಿಡಿದು ಬಂದಾಗ ಕೌನ್ಸಿಲ್‌ನ ಮಿಸ್ ಪಾರ್ಫಿಟ್ ಆಗಲೇ ಬಂದು, ಕೇಕು ತಿಂದು, ಮೆಟ್ಟಿಲು ಹತ್ತುತ್ತಿದ್ದಳು. ಎಲ್ವಿನ್ ಏದುಸಿರು ಬಿಡುತ್ತಾ ಹಿಂದೆ ಹತ್ತಿದ. ತನ್ನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ.

ಮಂಚದ ಮೇಲೆ ಮದುವೆಯಲ್ಲಿ ಬಂದ ಬಿಳಿ ಕಸೂತಿ ಹಾಸು. ದಿಂಬಿನ ಮೇಲೆ ಒಣಹೂವಿನ ಚೀಲ. ಮುಲಾಮು ಇದ್ದಲ್ಲಿ ಪಕ್ಕದ ಮನೆಯ ಬೋಪಾ ಮೈರ್‌ಳ ಹೂದಾನಿ. (ಬೋಪಾ ಎಂದರೆ ಅತ್ತೆ. ಯಾರ ಸ್ವಂತ ಅತ್ತೆಯೂ ಅಲ್ಲ, ಆದ್ದರಿಂದ ಬೀದಿಗೆಲ್ಲ ಅತ್ತೆ.) ಕಾಲುಚೀಲ, ಪತ್ರಿಕೆ, ವಾಸನೆ, ಒಂದೂ ಇರಲಿಲ್ಲ.

“ಈ ಕೋಣೇಲಿ ಯಾರೂ ಮಲಗೋ ಹಾಗೆ ಕಾಣಲ್ಲ?” ಎಂದಳು ಮಿಸ್ ಪಾರ್ಫಿಟ್.

“ಇಲ್ಲಮ್ಮ. ನೆಂಟರು ಬಂದ್ರೆ ಇರ್ಲಿ ಅಂತ” ಎಂದಳು ಗ್ಲೆನಿಸ್, ತಲೆಯೆತ್ತಿ. “ನಾವಿಬ್ರೂ ಮೂವತ್ತಾರು ವರ್ಷದಿಂದ ಒಂದೇ ಮಂಚ.”

ಮಿಸ್ ಪಾರ್ಫಿಟ್‌ಳ ಪೆನ್ನು ಕಾಗದದ ಮೇಲೆ ಇಳಿಯಿತು.

“ಬರೀಬೇಡಿ!” ಎಲ್ವಿನ್ ಕೂಗಿದ. “ಗ್ಲೆನ್, ಏನ್ ಮಾಡ್ದೆ? ಮನೆ ಹೋಗುತ್ತಲ್ಲೇ!”

“ಯಾಕೆ ಹೋಗುತ್ತೆ? ಮನೆ ಹೇಗೆ ಇಟ್ಕೊಂಡಿದೀವಿ ಅಂತ ತಾನೇ ನೋಡೋಕೆ ಬಂದಿರೋದು? ಹರಕು ಮುರುಕು ಜನಕ್ಕೆ ಯಾರು ಸಹಾಯ ಮಾಡ್ತಾರೆ? ನಮ್ಮಪ್ಪ ಗಣೀಲಿ ಕಾಲು ಮುರ್ಕೊಂಡಾಗ ಚರ್ಚಿನೋರು ಬಂದು ಮೊದ್ಲು ನೋಡಿದ್ದೇ ನಮ್ಮನೆ ಪರದೆ. ಅಮ್ಮ ಹಿಂದಿನ ದಿನಾನೇ ಒಗೆದು ಹಾಕಿದ್ಲು. ಅದಕ್ಕೇ ಕೊಟ್ರು.”

ಎಲ್ವಿನ್‌ಗೆ ಸಿಟ್ಟು ಬಂದಿತ್ತು, ಆದರೆ ಎಲ್ಲಿ ಇಳಿಸುವುದೋ ತಿಳಿಯಲಿಲ್ಲ. ಕೈ ಚಾಚುವ ಮುಂಚೆ ಕೈ ತೊಳೆದುಕೊಳ್ಳಬೇಕು ಎಂದು ಕಲಿತು ಬೆಳೆದ ಹೆಣ್ಣನ್ನು ಬೈಯುವುದು ಹೇಗೆ?

ಮಿಸ್ ಪಾರ್ಫಿಟ್ ಅರ್ಜಿ ತಿರುವಿ ನೋಡಿದಳು. “ಬೇರೆ ಮಲಗೋಕೆ ಕಾರಣ ‘ಹೆಂಡತಿಯ ಗೊರಕೆ’ ಅಂತ ಬರ್ದಿದೀರಿ.”

“ನಂದಾ?” ಎಂದಳು ಗ್ಲೆನಿಸ್. ಆ ಒಂದು ಮಾತಿಗೆ ಅವಳ ಒಂದೇ ಮಂಚ ಮುರಿದುಬಿತ್ತು. “ನಂದು ಅಂತ ಬರ್ದಿದೀಯಾ? ಹನ್ನೊಂದು ವರ್ಷದಿಂದ ಆ ಕಡೆ ಗರಗಸ ಎಳೀತಿರೋನು ನೀನು!”

“ಸ್ವಲ್ಪ ಉಸಿರು ದಪ್ಪ ಬರುತ್ತೆ, ಅಷ್ಟೇ.”

ಕೂಗಾಟ ಗೋಡೆ ದಾಟಿತ್ತು. ಬೋಪಾ ಮೈರ್ ತನ್ನ ಹೂದಾನಿ ಕ್ಷೇಮವೇ ಎಂದು ನೋಡುವ ನೆಪದಲ್ಲಿ ಮೆಟ್ಟಿಲು ಹತ್ತಿ ಬಂದೇಬಿಟ್ಟಳು. “ನನ್ನ ಕೇಳಮ್ಮ” ಎಂದಳು ಮಿಸ್ ಪಾರ್ಫಿಟ್‌ಗೆ. “ನಾನು ಮಲಗೋದು ಈ ಗೋಡೆ ಆಚೆ ಪಕ್ಕಾನೇ. ಗೊರಕೆ ಬರೋದು ಈ ಚಿಕ್ಕ ಕೋಣೆಯಿಂದ. ನನ್ನ ಗೋಡೆ ಮೇಲಿನ ತಟ್ಟೆ ಎರಡು ಸಲ ಬಿದ್ದಿದೆ. ಬೇಕಾದ್ರೆ ಬರ್ಕೊಡ್ತೀನಿ.”

“ಮಧ್ಯೆ ಮಧ್ಯೆ ನಿಂತುಹೋಗುತ್ತೆ” ಎಂದಳು ಗ್ಲೆನಿಸ್, ಇದ್ದಕ್ಕಿದ್ದಂತೆ ತಗ್ಗಿದ ದನಿಯಲ್ಲಿ. “ಗೊರಕೆ ಅಲ್ಲ, ಉಸಿರೇ ನಿಂತುಹೋಗುತ್ತೆ. ಪಕ್ಕದಲ್ಲಿದ್ದಾಗ ರಾತ್ರಿಯೆಲ್ಲ ಎದ್ದು ಕೂತಿರ್ತಿದ್ದೆ. ಬೆಳಗ್ಗೆ ಕೆಲಸಕ್ಕೆ ಹೋಗೋಕಾಗ್ತಿರ್ಲಿಲ್ಲ. ಅದಕ್ಕೇ ಈ ಕಡೆ ಕಳಿಸಿದ್ದು. ಈಗ್ಲೂ ಎಚ್ಚರ ಆದಾಗೆಲ್ಲ ಕಿವಿಗೊಟ್ಟು ಕೇಳ್ತೀನಿ, ಗೊರಕೆ ಮತ್ತೆ ಶುರುವಾಯ್ತಾ ಅಂತ. ಶುರುವಾದ್ರೆ ಮಲಗ್ತೀನಿ.”

ಎಲ್ವಿನ್ ಬೆಣ್ಣೆಯ ಪೊಟ್ಟಣ ಹಿಡಿದುಕೊಂಡೇ ನಿಂತಿದ್ದ. ಕ್ಲಬ್ಬಿನಲ್ಲಿ ಹನ್ನೊಂದು ವರ್ಷ ಅವಳ ಹೆಸರು ಹೇಳಿ ನಕ್ಕು ನಗಿಸಿದ್ದೆಲ್ಲ ಅವನಿಗೆ ಒಟ್ಟಿಗೇ ನೆನಪಾಯಿತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

“ಗೊರಕೆ ನಂದೇ” ಎಂದ. “ಡಾಕ್ಟರು ಮೂರು ವರ್ಷದ ಹಿಂದೇನೇ ಹೇಳಿದ್ರು. ನಾನು ಯಾರಿಗೂ ಹೇಳ್ಲಿಲ್ಲ. ಬರ್ಕೊಳ್ಳಿ.”

ಮಿಸ್ ಪಾರ್ಫಿಟ್ ಬರೆದುಕೊಂಡಳು. ಡಾಕ್ಟರು ಪತ್ರ ಕೊಟ್ಟರು. ಉಸಿರಾಟದ ಯಂತ್ರಕ್ಕೆ ಸರದಿ ಬಹಳ ಉದ್ದವಿದೆ, ಅಲ್ಲಿಯವರೆಗೆ ಹೆಂಡತಿಯ ನಿದ್ದೆಗೆ ಬೇರೆ ಮಲಗುವುದೇ ಕ್ಷೇಮ ಎಂದು ಅದರಲ್ಲಿತ್ತು. ಬೋಪಾ ಮೈರ್ ಎರಡು ಪುಟ ಬರೆದುಕೊಟ್ಟಳು. ಅದನ್ನು ಅಂಚೆಗೆ ಹಾಕುವ ಮುಂಚೆ ಸರಿಯಾಗಿದೆಯೇ ಎಂದು ಬೀದಿಯ ಏಳು ಮನೆಗೆ ಓದಿ ಹೇಳಿದಳು. ಕ್ಲಬ್ಬಿನವರು ಎಲ್ವಿನ್‌ನನ್ನು ಕಂಡರೆ ಕಣ್ಣು ಮುಚ್ಚಿ ಗರಗಸ ಎಳೆಯತೊಡಗಿದರು. ಅವನು ತಲೆತಗ್ಗಿಸಿ ಸಹಿಸಿಕೊಂಡ.

ಐದನೆಯ ವಾರ ಕೌನ್ಸಿಲ್‌ನ ಪತ್ರ ಬಂತು. ನೆರವು ಮಂಜೂರಾಗಿತ್ತು, ಒಂದು ವರ್ಷಕ್ಕೆ. ಗ್ಲೆನಿಸ್ ಅಡುಗೆಮನೆಯಲ್ಲಿ ನಿಂತು ಅದನ್ನು ಎರಡು ಸಲ ಓದಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಅತ್ತಳು. ಮನೆ ಉಳಿದಿತ್ತು.

ಎಲ್ವಿನ್‌ನ ಕಣ್ಣೂ ಒದ್ದೆಯಾಯಿತು. ಅವಳ ಭುಜದ ಮೇಲೆ ಕೈಯಿಟ್ಟು, ಮದುವೆಗೆ ಮುಂಚೆ ಮಾತಾಡುತ್ತಿದ್ದ ದನಿಯಲ್ಲಿ ಕೇಳಿದ: “ಗ್ಲೆನ್, ಇವತ್ತೊಂದಿನ ನಿನ್ನ ಕೋಣೆಗೆ ಬರ್ಲಾ?”

ಗ್ಲೆನಿಸ್ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಮುಖ ಮೆತ್ತಗಾಯಿತು. ಕೈ ಅವನ ಕೈಯ ಮೇಲೆ ಬಂತು. ಅಷ್ಟರಲ್ಲಿ ಅವಳ ಕಣ್ಣು ಪತ್ರದ ಕೊನೆಯ ಸಾಲಿಗೆ ಹೋಯಿತು.

“ನೋಡಿಲ್ಲಿ” ಎಂದಳು. “‘ಮಲಗುವ ವ್ಯವಸ್ಥೆಯಲ್ಲಿ ಬದಲಾವಣೆಯಾದಲ್ಲಿ ತಕ್ಷಣ ತಿಳಿಸತಕ್ಕದ್ದು.’ ಆ ಹುಡುಗೀಗೆ ಒಂದ್ಸಲ ಸುಳ್ಳು ಹೇಳಿದ್ದೇ ಸಾಕು. ಬರೋದಾದ್ರೆ ಬಾ, ಬೇಡ ಅನ್ನಲ್ಲ. ಮೊದ್ಲು ಫೋನ್ ಮಾಡಿ ಮಿಸ್ ಪಾರ್ಫಿಟ್‌ಗೆ ಹೇಳು.”

ತಮಾಷೆಯೇ ಎಂದು ಎಲ್ವಿನ್ ಅವಳ ಮುಖ ನೋಡಿದ. ತಮಾಷೆಯಾಗಿರಲಿಲ್ಲ. ಕಟ್ಟಿಕೊಂಡ ಹೆಂಡತಿಯ ಪಕ್ಕ ಮಲಗಲು ಕೌನ್ಸಿಲ್‌ಗೆ ಏನೆಂದು ಹೇಳಬೇಕೆಂದು ಯೋಚಿಸುತ್ತಾ ಅವನು ಸಂಜೆಯವರೆಗೂ ಫೋನಿನ ಮುಂದೆ ಕೂತಿದ್ದ.