ಕಲಿತ ತಾಸು ಯಾವ ಮೊಳೆಗೆ?

ಕೆಲವರಿಗೆ ಕುತೂಹಲ ಊಟವಾದ ಮೇಲೆ ಹುಟ್ಟುತ್ತದೆ, ಒಂದು ನಿದ್ದೆ ತೆಗೆದರೆ ಹೋಗಿಬಿಡುತ್ತದೆ. ನನ್ನದು ಅಷ್ಟು ಸಭ್ಯ ಕುತೂಹಲವಲ್ಲ. ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತೆಂದರೆ ಉತ್ತರ ಸಿಗುವವರೆಗೆ ನಾನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಳ್ಳುತ್ತೇನೆ, ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬರುತ್ತೇನೆ. ಇಂಥ ಸ್ವಭಾವದವನು ಪತ್ತೇದಾರನೋ ವಿಜ್ಞಾನಿಯೋ ಆಗಬೇಕಿತ್ತು. ಆದದ್ದು ಮಾತ್ರ ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಮೇಲಿದ್ದ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತ. ಯಾರು ಎಷ್ಟು ತಾಸು ದುಡಿದರು ಎಂದು ಬರೆಯುವುದು ನನ್ನ ಕೆಲಸ. ಅಲ್ಲಿ ಕಲ್ಲು ಕೊಯ್ಯುವವರಿಗೆ, ಪಾಲಿಶ್ ಮಾಡುವವರಿಗೆ ತಾಸಿನ ಪಗಾರ. ನನಗೆ ತಿಂಗಳ ಪಗಾರ. ಅವರು ಮಷಿನ್ ಮುಂದೆ ನಿಂತರೆ ಮಾತ್ರ ತಾಸು ತುಂಬುತ್ತಿತ್ತು. ನಾನು ಕುರ್ಚಿಯಲ್ಲಿ ತೂಕಡಿಸಿದರೂ ತಿಂಗಳು ತಾನಾಗಿ ತುಂಬುತ್ತಿತ್ತು.

ಈ ತಾಸುಗಳನ್ನು ಅಳೆಯಲು ನಮ್ಮಲ್ಲಿ ಇದ್ದದ್ದು ಗಡಿಯಾರವಲ್ಲ, ಒಂದು ಹಲಗೆ. ಗೇಟಿನ ಪಕ್ಕ ನನ್ನ ಕಿಟಕಿಯ ಹೊರಗೆ ತೂಗುಹಾಕಿದ ಆ ಹಲಗೆಯ ಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ಎರಡೆರಡು ಮೊಳೆ. ಎಡಕ್ಕೆ ಹೊರಗಿನ ಮೊಳೆ, ಬಲಕ್ಕೆ ಒಳಗಿನ ಮೊಳೆ. ಕೆಲಸಗಾರ ಗೇಟು ದಾಟಿ ಬರುವಾಗ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಎಡದಿಂದ ಬಲಕ್ಕೆ ಹಾಕಬೇಕು, ಹೋಗುವಾಗ ಬಲದಿಂದ ಎಡಕ್ಕೆ. ತಾಸಿಗೊಮ್ಮೆ ಕಾರ್ಖಾನೆಯ ಸೈರನ್, ನಮ್ಮ ಭಾಷೆಯಲ್ಲಿ ಭೋಂಗಾ, ಕೂಗಿದಾಗ ನಾನು ಎದ್ದು ಬಲಗಡೆಯ ಬಿಲ್ಲೆಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದೆ. ಮನುಷ್ಯರ ಮುಖ ನೋಡುವ ಅಗತ್ಯವೇ ಇರಲಿಲ್ಲ. ಎಷ್ಟೋ ಜನರನ್ನು ನಾನು ಬಜಾರಿನಲ್ಲಿ ಗುರುತು ಹಿಡಿಯುತ್ತಿರಲಿಲ್ಲ, ಬಿಲ್ಲೆ ತೋರಿಸಿದ್ದರೆ ಹಿಡಿಯುತ್ತಿದ್ದೆನೋ ಏನೋ.

ಹೀಗಿರುವಾಗ ಒಮ್ಮೆ ಮೇಲಿನಿಂದ ಹುಕುಂ ಬಂತು. ಮಷಿನ್ ಮೇಲೆ ದುಡಿಯುವವರೆಲ್ಲ ಆರು ಬುಧವಾರ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಅಪಘಾತ ಆಗದಂತೆ ಕೆಲಸ ಮಾಡುವ ತರಬೇತಿಗೆ ಹೋಗಬೇಕು. ತಪ್ಪಿಸಿದವರನ್ನು ಮಷಿನ್ ಮುಟ್ಟಗೊಡುವುದಿಲ್ಲ. ಕಲಿಸಲು ಗುಲಬರ್ಗಾದಿಂದ ಒಬ್ಬ ಮಾಸ್ತರರು ಬರುವವರಿದ್ದರು. ಒಳಗೆ ಮಷಿನ್ ಗದ್ದಲದಲ್ಲಿ ಪಾಠ ಕೇಳಿಸದು ಎಂದು ರಸ್ತೆಯಾಚೆಯ ಖಾಲಿ ಗೋದಾಮಿನಲ್ಲಿ ಚಾಪೆ ಹಾಸಿದರು. ಮೊದಲ ಬುಧವಾರ ಎಲ್ಲರೂ ಗೇಟು ದಾಟಿ ಹೊರಟರು. ದಾಟುವಾಗ ರೂಢಿಯಂತೆ ಬಿಲ್ಲೆಗಳನ್ನು ಎಡಕ್ಕೆ ಹಾಕಿದರು. ಭೋಂಗಾ ಎರಡು ಸಲ ಕೂಗಿತು. ನಾನೂ ರೂಢಿಯಂತೆ ಎರಡು ಸಲ ಸೊನ್ನೆ ಬರೆದೆ.

ಮರುದಿನ ಬೆಳಿಗ್ಗೆ ಕಿಟಕಿಗೆ ಖಾಜಾಸಾಬ್ ಬಂದ. ಕಲ್ಲು ಕೊಯ್ಯುವ ಮಷಿನ್ ನಡೆಸುವವನು, ನನಗಿಂತ ಹಿರಿಯ, ಮಾತು ಕಡಿಮೆ. "ಗುಮಾಸ್ತ್ರೇ, ನಿನ್ನೆ ನಾವು ಎಲ್ಲಿ ಹೋಗಿದ್ವಿ?" ಎಂದ. ತರಬೇತಿಗೆ ಎಂದೆ. "ನಮ್ಮ ಖುಷೀಲೆ ಹೋಗಿದ್ವೇನ್ರಿ?" ಇಲ್ಲ, ಹುಕುಂ ಇತ್ತು ಎಂದೆ. "ಮತ್ತ ನೀವು ನಾವು ಮನಿಗಿ ಹೋಗೀವಿ ಅಂತ ಬರ್ದೀರಿ. ಆ ಎರಡು ತಾಸು ಅಂದ್ರ ನಮ್ಮ ಮನ್ಯಾಗ ಒಂದು ದಿನದ ಜ್ವಾಳ. ಹೋದ್ರ ಜ್ವಾಳ ಹೋಗ್ತದ, ಹೋಗಲಿಲ್ಲಂದ್ರ ಮಷಿನ್ ಹೋಗ್ತದ. ಏನ್ ಮಾಡ್ಬೇಕು ಹೇಳ್ರಿ."

ನಾನು ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆ. ಅವರು ಕಾಗದದಿಂದ ತಲೆಯೆತ್ತದೆ, "ಬಿಲ್ಲೆ ಎಲ್ಲಿತ್ತು?" ಎಂದು ಕೇಳಿದರು. ಹೊರಗಿನ ಮೊಳೆಗೆ ಎಂದೆ. "ಹಂಗಾದ್ರ ಹೊರಗೇ. ಕೂತು ಪಾಠ ಕೇಳೂದು ಕಲಿಯೂದು, ಕೆಲಸ ಅಲ್ಲ" ಎಂದು ಮುಗಿಸಿದರು. ನನ್ನ ಕುತೂಹಲ ಅಲ್ಲಿಂದ ಶುರುವಾಯಿತು. ಕಲಿಯುವುದು ಯಾವಾಗ ಕಲಿಯುವುದು, ಯಾವಾಗ ಕೆಲಸ? ನಾನೇ ಈ ನೌಕರಿಗೆ ಸೇರುವ ಮೊದಲು ಹಳೆಯ ಗುಮಾಸ್ತರ ಪಕ್ಕ ಎಂಟು ದಿನ ಬಿಟ್ಟಿ ಕೂತು ಬಿಲ್ಲೆ ಎಣಿಸಲು ಕಲಿತಿದ್ದೆ. ಹಲಗೆ ಎಣಿಸಲು ಎಂಟು ದಿನ ಏಕೆ ಬೇಕಾಯಿತು ಎಂದು ನೀವು ಕೇಳಬಾರದು.

ಆ ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೆಂಡತಿಯ ಮುಂದೆ ಬಿಚ್ಚಿದೆ. ಆಕೆ ಕುರಕುಂಟಾದವಳು, ಮಾತನ್ನು ನೇರವಾಗಿ ಬಡಿಸುತ್ತಾಳೆ. "ನಾ ಮದುವ್ಯಾಗಿ ಬಂದಾಗ ನಿಮ್ಮವ್ವ ನನಗ ರೊಟ್ಟಿ ಬಡಿಯೂದು ಕಲಿಸಿದ್ರು. ಆಗ ಬಡಿದ ರೊಟ್ಟಿ ಏನಾದ್ವು?" ಎಂದಳು. ನಾನೇ ತಿಂದೆ ಎಂದೆ. ಅವುಗಳ ಆಕಾರ ಹೈದರಾಬಾದ್ ಕಡೆಯ ಭೂಪಟದ ಹಾಗಿದ್ದದ್ದು ನೆನಪಿತ್ತು, ಹೇಳಲಿಲ್ಲ. "ನೀವು ತಿಂದ್ರಿ ಅಂದಮ್ಯಾಲ ಅದು ಕೆಲಸ. ಕಲಿಯೂದು ಅಂತ ನೀವು ಉಪವಾಸ ಇರಲಿಲ್ಲಲ್ಲ" ಎಂದು ಇನ್ನೊಂದು ರೊಟ್ಟಿ ಹಾಕಿದಳು. ಮ್ಯಾನೇಜರ್ ಕುರ್ಚಿಯಲ್ಲಿ ಈಕೆಯನ್ನೇ ಕೂಡಿಸಬೇಕಿತ್ತು ಎಂದು ನನಗೆ ಅನ್ನಿಸಿದ್ದು ಆಗಲೇ.

ಈಗ ಪ್ರಶ್ನೆ ಇನ್ನೂ ಸೂಕ್ಷ್ಮವಾಯಿತು: ಗೋದಾಮಿನಲ್ಲಿ ಅವರು ರೊಟ್ಟಿ ಬಡಿಯುತ್ತಿದ್ದಾರೋ, ಬರೀ ಹಿಟ್ಟು ನೋಡುತ್ತಿದ್ದಾರೋ? ಕಣ್ಣಾರೆ ನೋಡದೆ ಇರುವುದು ನನ್ನಿಂದಾಗಲಿಲ್ಲ. ಎರಡನೆಯ ಬುಧವಾರ ಊಟದ ಹೊತ್ತು ಮುಗಿಯುತ್ತಲೇ ಹಾಜರಿ ಖೋಲಿಗೆ ಬೀಗ ಹಾಕಿದೆ. ನಾನು ಗೋದಾಮಿನಲ್ಲಿರುವಾಗ ಭೋಂಗಾ ಕೂಗಿದರೆ ಬಿಲ್ಲೆ ಎಣಿಸಬೇಕಲ್ಲ ಎಂಬ ಕರ್ತವ್ಯಪ್ರಜ್ಞೆ ಆಗ ಎಚ್ಚರವಾಯಿತು. ಹಲಗೆಯನ್ನೇ ಗೋಡೆಯಿಂದ ಇಳಿಸಿದೆ. ಖಾಜಾಸಾಬ್ ಒಂದು ತುದಿ ಹಿಡಿದ, ನಾನೊಂದು ತುದಿ. ಬಿಲ್ಲೆಗಳು ಗಲಗಲ ಎನ್ನುತ್ತಿದ್ದಂತೆ ರಸ್ತೆ ದಾಟಿದೆವು.

ಮಾಸ್ತರರು ಪಾಠ ಓದುತ್ತಿರಲಿಲ್ಲ. ಕೊಯ್ಯುವ ಚಕ್ರಕ್ಕೆ ಕೈ ತಾಗದಂತೆ ಅಡ್ಡ ಕೂಡಿಸುವ ಮರದ ಚೌಕಟ್ಟನ್ನು ಎಲ್ಲರ ಕೈಯಿಂದ ಕೊರೆಸಿ ಜೋಡಿಸುತ್ತಿದ್ದರು. ಖಾಜಾಸಾಬ್ ಅಳತೆ ಹಿಡಿಯಲು ಎಡಗೈ ಚಾಚಿದ. ಕಿರುಬೆರಳು ಅರ್ಧವೇ ಇತ್ತು. ಮಾಸ್ತರರು ಕೇಳಿದ್ದಕ್ಕೆ, "ಇಂಥದೊಂದು ಅಡ್ಡ ಇದ್ದಿದ್ರ ಉಳೀತಿತ್ರಿ. ಅವತ್ತು ದವಾಖಾನ್ಯಾಗ ಎರಡು ತಾಸು ಕೂತಿದ್ದೆ" ಎಂದು ನನ್ನ ಕಡೆ ತಿರುಗಿದ. "ಅದೂ ಹೊರಗಿನ ಮೊಳೀನೇ ಬರ್ದಿದ್ರಿ, ನೆನಪದ ಏನ್ರಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನೆನಪಿರಲಿಲ್ಲ ನನಗೆ. ನಾನು ಸೊನ್ನೆ ಬರೆದಿದ್ದೆ, ಬೆರಳು ನೋಡಿರಲಿಲ್ಲ. ಬಹಳ ನಾಚಿಕೆಯಾಯಿತು. ಎದ್ದು ಹಲಗೆಯ ಎಲ್ಲ ಬಿಲ್ಲೆಗಳನ್ನೂ ಒಂದೊಂದಾಗಿ ಒಳಗಿನ ಮೊಳೆಗೆ ಹಾಕಿದೆ.

ಅದೇ ಹೊತ್ತಿಗೆ ಮ್ಯಾನೇಜರ್ ಸಾಹೇಬರು ಗೇಟಿಗೆ ಬಂದಿದ್ದಾರೆ. ಖೋಲಿಗೆ ಬೀಗ, ಗೋಡೆಯ ಮೇಲೆ ಹಲಗೆಯೇ ಇಲ್ಲ. ಹುಡುಕುತ್ತ ಗೋದಾಮಿಗೆ ಬಂದರು. ಮೊದಲು ಹಲಗೆ ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಚೌಕಟ್ಟನ್ನು. ಅದನ್ನು ಅಲ್ಲಾಡಿಸಿ ನೋಡಿ, "ಗಟ್ಟಿ ಆಗ್ಯದ. ಇವತ್ತೇ ಮಷಿನ್‌ಗೆ ಕೂಡಿಸ್ರಿ" ಎಂದರು. ನಾನು ಸಮಯ ಸಾಧಿಸಿ, "ಸಾಹೇಬ್ರೇ, ನೀವು ರೊಟ್ಟಿ ತಿಂದಂಗಾಯ್ತು" ಎಂದೆ. ಅವರಿಗೆ ತಿಳಿಯಲಿಲ್ಲ, ವಿವರಿಸಿದೆ. ಚೌಕಟ್ಟನ್ನು ಕೆಳಗಿಟ್ಟು, "ಆಗಲಿ. ಆದ್ರ ನಾಳಿ ಎಲ್ಲಾರೂ ಎಲ್ಲದಕ್ಕೂ ತಾಸು ಕೇಳಬಾರದು. ಬರೋಬ್ಬರಿ ನಿಯಮ ಬರೆದು ತಗೊಂಡ ಬರ್ರಿ" ಎಂದರು.

ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಏನನ್ನೂ ಬರೆದಿಲ್ಲ. ಕಾರ್ಖಾನೆ ಕರೆದದ್ದಾದರೆ, ಕೆಲಸದ ಹೊತ್ತಿನಲ್ಲಾದರೆ, ಅವರ ಕೆಲಸಕ್ಕೇ ಸಂಬಂಧಿಸಿದ್ದಾದರೆ, ಕಲಿತ ತಾಸು ಒಳಗಿನ ಮೊಳೆಯದೇ. ಹೋದ ಬುಧವಾರದ್ದೂ ಸೇರಿ. ಬರೆದ ಮೇಲೆ ಎಲ್ಲೂ ಸಂದು ಉಳಿಯಬಾರದೆಂಬ ಹೆಮ್ಮೆಯಿಂದ ಕೊನೆಗೊಂದು ಸಾಲು ಸೇರಿಸಿದೆ: ಯಾರೂ ಹೇಳದೆ, ತಮ್ಮ ಸ್ವಂತ ಆಸಕ್ತಿಯಿಂದ ಹೋಗಿ ಕೂತವರಿಗೆ ಇದು ಅನ್ವಯಿಸುವುದಿಲ್ಲ.

ಗುರುವಾರ ಸಾಹೇಬರು ಅದನ್ನು ಓದಿ ಸಹಿ ಹಾಕಿದರು. ಕಾಗದ ಹಿಂದಿರುಗಿಸುವ ಮುನ್ನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ನಿನ್ನೆ ನಿಮಗ ಗೋದಾಮಿಗೆ ಹೋಗ್ರಿ ಅಂತ ಯಾರು ಹೇಳಿದ್ರು?" ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ನನ್ನ ಹೆಸರಿನ ಮುಂದೆ ಅರ್ಧ ದಿನದ ರಜೆಯನ್ನು ನಾನೇ ನನ್ನ ಕೈಯಾರೆ ಬರೆದೆ. ಬರೆಯುವಾಗ ಖಾಜಾಸಾಬನ ದವಾಖಾನೆಯ ಎರಡು ತಾಸು ನೆನಪಾದವು. ಅವನ್ನು ತಿದ್ದಲು ಆ ವರ್ಷದ ಹಾಜರಿ ಪುಸ್ತಕ ಮುಗಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ; ನಿಜವೆಂದರೆ ಸಾಹೇಬರ ಮುಂದೆ ಇನ್ನೊಮ್ಮೆ ನಿಲ್ಲುವ ಧೈರ್ಯ ಇರಲಿಲ್ಲ.

ಮರುದಿನ ಬಂದು ನೋಡಿದರೆ ಹಲಗೆಯ ಕಟ್ಟಕಡೆಗೆ ಸೀಮೆಸುಣ್ಣದಲ್ಲಿ ನನ್ನ ಹೆಸರು, ಅದರ ಮುಂದೆ ಹೊಸದೊಂದು ಮೊಳೆ. ಎಡಕ್ಕಿತ್ತು. ಬಲಗಡೆಯದು ಎಲ್ಲಿ ಎಂದು ಖಾಜಾಸಾಬನನ್ನು ಕೇಳಿದೆ. "ಅದಕ್ಕ ನಿಮ್ಮನ್ನ ಯಾರರ ಕರೀಬೇಕಲ್ರಿ, ನೀವೇ ಬರ್ದೀರಿ" ಎಂದ. ಆ ನೌಕರಿ ಮುಗಿಯುವವರೆಗೂ ನಾನು ಆ ಮೊಳೆಗೆ ನನ್ನ ಛತ್ರಿ ತೂಗುಹಾಕುತ್ತಿದ್ದೆ.