ರೀಸೆಟ್ ಆದ ಫೋನಿಗೆ ಬರುವ ಕರೆಗಳ ಬಗ್ಗೆ

ಸಂಖ್ಯೆ: ಶಿರಸಿ/ಸಿಬ್ಬಂದಿ-2/ಮೊಬೈಲ್/14/2025-26
ದಿನಾಂಕ: 14-11-2025, ಶುಕ್ರವಾರ

ಸುತ್ತೋಲೆ

ವಿಷಯ: ದೊಡ್ಡ ಅಪ್‌ಡೇಟ್ ಬಂದ ನಂತರ ಸಿಬ್ಬಂದಿಯು ಫೋನ್ ರೀಸೆಟ್ ಮಾಡುವಾಗ ಹಾಗೂ ಮಾಡಿದ ಮೇಲೆ ಪಾಲಿಸಬೇಕಾದ ಕ್ರಮಗಳು.

ಉಲ್ಲೇಖ: 1. ದ್ವಿತೀಯ ದರ್ಜೆ ಸಹಾಯಕ ಶ್ರೀ ಸದಾಶಿವ ಅವರ ಮೌಖಿಕ ದೂರು, ಸೋಮವಾರ.
2. ಅದೇ ದೂರು, ಮಂಗಳವಾರ, ಏರುದನಿಯಲ್ಲಿ.

ಅಪ್‌ಡೇಟ್ ಆದಂದಿನಿಂದ ಶ್ರೀ ಸದಾಶಿವ ಅವರ ಫೋನ್ ಬಿಸಿಯಾಗುತ್ತಿದ್ದು, ಬರೆದ ಪದ ಬಿಟ್ಟು ತನಗೆ ತೋಚಿದ ಪದ ಮೂಡಿಸುತ್ತಿತ್ತು. 'ಮಾನ್ಯರೇ' ಎಂದು ಆರಂಭವಾಗಬೇಕಿದ್ದ ವರದಿಯು 'ಮಾವಿನಕಾಯಿ' ಎಂದು ಆರಂಭವಾಗಿ ಜಿಲ್ಲಾ ಕಚೇರಿ ತಲುಪಿತು. ಆದಕಾರಣ ಗಣಕಯಂತ್ರ ನಿರ್ವಾಹಕಿ ಶ್ರೀಮತಿ ತನುಜಾ ಅವರು ಬುಧವಾರ ಸದರಿ ಫೋನನ್ನು ರೀಸೆಟ್ ಮಾಡಿದರು. ಆ ಅನುಭವದ ಮೇರೆಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ರೀಸೆಟ್‌ಗೆ ಮುನ್ನ ಎಲ್ಲ ನಂಬರುಗಳನ್ನು ಬೇರೆಡೆ ಉಳಿಸಿಕೊಳ್ಳತಕ್ಕದ್ದು. "ಎಲ್ಲಾ ತಲ್ಯಾಗ ಅದಾವ್ರಿ" ಎಂಬ ಶ್ರೀ ಸದಾಶಿವ ಅವರ ಉತ್ತರವನ್ನು ಬ್ಯಾಕಪ್ ಎಂದು ಪರಿಗಣಿಸಲಾಗದು. ಪರಿಶೀಲನೆಯಲ್ಲಿ ಸದರಿಯವರ ತಲೆಯೊಳಗೆ ಎರಡು ನಂಬರು ಮಾತ್ರ ಪತ್ತೆಯಾಗಿದ್ದು, ಒಂದು ಅವರದೇ; ಇನ್ನೊಂದರಲ್ಲಿ ಒಂಬತ್ತೇ ಅಂಕಿಗಳಿವೆ.

2. ಫೋನ್ ಮರಳಿ ಆರಂಭವಾಗಿ 'ನಮಸ್ಕಾರ' ಎಂದಾಗ ಸಿಬ್ಬಂದಿಯು ಎದ್ದು ನಿಲ್ಲುವ ಅಗತ್ಯವಿಲ್ಲ.

3. ಭಾಷೆ ಆರಿಸುವಲ್ಲಿ ಆತುರ ಸಲ್ಲದು. ಸದರಿ ಫೋನ್ ಇಪ್ಪತ್ತು ನಿಮಿಷ ಕಚೇರಿಯಲ್ಲಿ ಯಾರಿಗೂ ಬಾರದ ಭಾಷೆಯಲ್ಲಿತ್ತು. ಆ ಅವಧಿಯಲ್ಲಿ ಸದರಿಯವರು ಏನೇನಕ್ಕೆ ಒಪ್ಪಿಗೆ ನೀಡಿದರೋ ಅದಕ್ಕೆ ಇಲಾಖೆ ಹೊಣೆಯಲ್ಲ.

4. ಹೆಸರುಗಳೆಲ್ಲ ಅಳಿಸಿರುವುದರಿಂದ ಏಳು ದಿನಗಳ ಕಾಲ ಬಂದ ಪ್ರತಿ ಕರೆಯನ್ನೂ ಸ್ವೀಕರಿಸಿ, ಯಾರೆಂದು ವಿನಯದಿಂದ ಕೇಳಿ ದಾಖಲಿಸತಕ್ಕದ್ದು. (ಬುಧವಾರವೇ ಮೌಖಿಕವಾಗಿ ಸೂಚಿಸಲಾಗಿದೆ.) ಸ್ವಂತ ಹೆಂಡತಿಯನ್ನು ಹೀಗೆ ಕೇಳಿದ್ದರಿಂದಾಗುವ ಪರಿಣಾಮಗಳು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

5. ರೀಸೆಟ್‌ನಿಂದ, ಬ್ಲಾಕ್ ಮಾಡಿದ ನಂಬರುಗಳೂ ಬಿಡುಗಡೆ ಹೊಂದುವ ಸಂಭವವಿದೆ. ಗುರುವಾರ ಸದರಿಯವರು ಒಂದು ಕರೆ ಸ್ವೀಕರಿಸಿ ಯಾರೆಂದು ಕೇಳಲಾಗಿ, "ನಾನೋ, ಪಾರಕ್ಕ. ಉಂಡೀ ಇಲ್ಲೋ?" ಎಂಬ ಉತ್ತರ ಬಂದಿತು. ಇವರು ದಾಸನಕೊಪ್ಪದಲ್ಲಿರುವ ಸದರಿಯವರ ಅಕ್ಕ ಪಾರ್ವತವ್ವ. ಪಾರ್ವತವ್ವನವರು ತಮ್ಮ ಮಗಳ ಮದುವೆಗೆ ಮನೆಗೆ ಬಂದು ಕರೆಯದೆ ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದರೆಂದು ಸದರಿಯವರು ನಾಲ್ಕು ವರ್ಷಗಳಿಂದ ಅವರನ್ನು ಬ್ಲಾಕ್ ಮಾಡಿದ್ದರು. ತಮ್ಮನಿಗೆ ಕರೆ ತಲುಪುತ್ತಿಲ್ಲವೆಂದು ತಿಳಿದೂ ಅಕ್ಕ ಪ್ರತಿ ಹಬ್ಬಕ್ಕೂ, ನೆನಪಾದಾಗಲೆಲ್ಲ ಕರೆ ಮಾಡುತ್ತಲೇ ಇದ್ದರು.

6. ಸದರಿಯವರು "ಫೋನ್ ಕೆಟ್ಟಿತ್ತಕ್ಕಾ. ನಿನ್ನೆ ಸರಿ ಮಾಡಿಸೀನಿ" ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆಯು ಭಾಗಶಃ ಸತ್ಯವಾಗಿರುವುದರಿಂದ ಅಂಗೀಕರಿಸಲಾಗಿದೆ.

7. ನಂತರದ ಐವತ್ತೆರಡು ನಿಮಿಷಗಳ ಮಾತನ್ನೂ, ನಲ್ಲಿಯ ಬಳಿ ಮುಖ ತೊಳೆಯಲು ಹಿಡಿದ ಸಮಯವನ್ನೂ ಕರ್ತವ್ಯದ ಅವಧಿ ಎಂದೇ ಪರಿಗಣಿಸಲಾಗಿದೆ. ದಾಸನಕೊಪ್ಪಕ್ಕೆ ಹೋಗಿಬರಲು ಶನಿವಾರ ಒಂದು ದಿನದ ಸಾಂದರ್ಭಿಕ ರಜೆ ಮಂಜೂರಾಗಿದೆ. ಒಂದೇ ದಿನ ಸಾಲದೆಂದು ಪಾರ್ವತವ್ವನವರು ದೂರವಾಣಿಯಲ್ಲೇ ಆಕ್ಷೇಪಿಸಿದ್ದರಿಂದ ಸೋಮವಾರವನ್ನೂ ಸೇರಿಸಲಾಗಿದೆ.

ಸಹಿ/-
(ವಿಶ್ವೇಶ್ವರ)
ಅಧೀಕ್ಷಕರು, ಶಿರಸಿ

ಪ್ರತಿಗಳು:
1. ಸಿದ್ದಾಪುರ ಹಾಗೂ ಯಲ್ಲಾಪುರ ಶಾಖೆಗಳಿಗೆ, ಮಾಹಿತಿಗಾಗಿ.
2. ಶ್ರೀಮತಿ ಪಾರ್ವತವ್ವ, ದಾಸನಕೊಪ್ಪ, ಅಂಚೆ ಮೂಲಕ.
3. ಸೂಚನಾ ಫಲಕಕ್ಕೆ.
4. ಶ್ರೀಮತಿ ತನುಜಾ ಅವರಿಗೆ, ಮೇಲೆ ಸಹಿ ಮಾಡಿದ ಅಧೀಕ್ಷಕರ ಫೋನ್ ಸಹಿತ. ಫೋನಿನಲ್ಲಿ ಬ್ಲಾಕ್ ಮಾಡಿದ ಒಂದು ನಂಬರಿನ ಹೊರತು ಯಾವುದೇ ದೋಷವಿರುವುದಿಲ್ಲ. ಆದಾಗ್ಯೂ ಇಂದೇ ರೀಸೆಟ್ ಮಾಡಿಕೊಡತಕ್ಕದ್ದು.